ಕನ್ನಡ ಹೋಗಿ ಚುಕ್ಕಿ ಬಂದಾಗ: ಒಂದು ಸಾಲಿನ ಹಿಂದಿನ ಚರಿತ್ರೆ

ನಮ್ಮ ಬಳಗದ ಬರಹಗಳನ್ನು ಬಾಡಿಗೆ ಸರ್ವರ್ ಒಂದಕ್ಕೆ ಸಾಗಿಸಿದ ದಿನ ಅದರಲ್ಲಿ ಮೊದಲು ಹಾಕಿದ್ದು ಒಂದು ಗ್ರಾಮಸಭೆಯ ವರದಿ. ಕುಡಿಯುವ ನೀರಿನ ಕೆಲಸಕ್ಕೆ ಎಷ್ಟು ಹಣ ಬಂತು, ಎಲ್ಲಿ ಖರ್ಚಾಯಿತು ಎಂಬ ಲೆಕ್ಕ ಅದರಲ್ಲಿತ್ತು. ಕೊಂಡಿಯನ್ನು ಊರಿನ ವಾಟ್ಸ್ಆ್ಯಪ್ ಗುಂಪಿಗೆ ಕಳಿಸಿ ಹತ್ತು ನಿಮಿಷ ಆಗಿರಲಿಲ್ಲ, ಫೋನ್ ಬಂತು.

"ತಮ್ಮಾ, ಇದ್ಯಾವ ಭಾಷೆನೋ? ಕನ್ನಡದಾಗ ಬರದೀರಿ ಅಂತ ತಗದು ನೋಡಿದ್ರ ಬರೇ ಗೀಟು, ಚುಕ್ಕಿ ಕಾಣಾಕತ್ತಾವ."

"ಒಂದ್ ತಾಸು ತಡೀರಿ ಕಾಕಾ, ಸರಿ ಮಾಡ್ತೀವಿ."

ಒಂದು ತಾಸು ಸಾಲಲಿಲ್ಲ. ಫೈಲ್ ತೆರೆದು ನೋಡಿದರೆ ಕನ್ನಡ ಸರಿಯಾಗಿಯೇ ಇತ್ತು. ಫೋನಿನಲ್ಲೂ ದೋಷವಿರಲಿಲ್ಲ. ತಪ್ಪು ಇವೆರಡರ ನಡುವೆ ಇತ್ತು. ಎಂದೋ ಯಾರೋ ಬರೆದಿಟ್ಟ ಹಳೆಯ ಟಿಪ್ಪಣಿ ನೋಡಿಕೊಂಡು ನಾವು ಸರ್ವರ್ ಹೊಂದಿಸಿದ್ದೆವು. ಅದರಲ್ಲಿದ್ದ ಒಂದು ಸಾಲನ್ನು ಅರ್ಥ ತಿಳಿಯದೆ ಹಾಗೇ ನಕಲು ಮಾಡಿದ್ದೆವು. ಆ ಸಾಲು ತೆಗೆದ ಮೇಲೆ ಕನ್ನಡ ಬಂತು. ಆದರೆ ಪ್ರಶ್ನೆ ಉಳಿಯಿತು: ಆ ಸಾಲು ಅಲ್ಲಿಗೆ ಬಂದದ್ದು ಹೇಗೆ? ಹುಡುಕುತ್ತಾ ಹೋದಾಗ ಸಿಕ್ಕಿದ್ದು ಮೂವತ್ತು ವರ್ಷ ದಾಟಿದ ಒಂದು ಚರಿತ್ರೆ.

ಕೇಳುವವರು, ಕೊಡುವವರು

ಮೊದಲು ಕೆಲಸ ನಡೆಯುವ ಬಗೆ ನೋಡೋಣ. ನಾಡಕಚೇರಿಗೆ ಹೋಗಿ ಸರ್ವೆ ನಂಬರ್ ಹೇಳಿದರೆ ಪಹಣಿಯ ನಕಲು ಸಿಗುತ್ತದೆ. ಮೂಲ ದಾಖಲೆ ಅಲ್ಲೇ ಇರುತ್ತದೆ, ನಕಲು ನಮ್ಮ ಕೈಗೆ ಬರುತ್ತದೆ. ವೆಬ್ ಸರ್ವರ್ ಮಾಡುವುದೂ ಇಷ್ಟೇ. ಅದು ಸದಾ ಚಾಲೂ ಇರುವ ಒಂದು ಕಂಪ್ಯೂಟರು, ಅದರೊಳಗೊಂದು ತಂತ್ರಾಂಶ. ನಿಮ್ಮ ಫೋನಿನ ಬ್ರೌಸರ್ "ಈ ಫೈಲ್ ಕೊಡಿ" ಎಂದು ಕೇಳುತ್ತದೆ, ಸರ್ವರ್ ನಕಲು ಕಳಿಸುತ್ತದೆ. ಅಂಥ ಫೈಲ್ ಇಲ್ಲದಿದ್ದರೆ 404 ಎನ್ನುತ್ತದೆ. ಕೊಡಲು ಅಪ್ಪಣೆ ಇಲ್ಲದಿದ್ದರೆ 403 ಎನ್ನುತ್ತದೆ.

ಯಾವ ಫೋಲ್ಡರಿನಿಂದ ಕೊಡಬೇಕು, ಯಾವುದನ್ನು ಕೊಡಬಾರದು, ಫೈಲಿನ ಹೆಸರು ಹೇಳದೆ ಬಂದವರಿಗೆ ಯಾವ ಪುಟ ತೋರಿಸಬೇಕು, ಕೊಟ್ಟದ್ದು ಚಿತ್ರವೋ ಬರಹವೋ ಎಂದು ಹೇಗೆ ತಿಳಿಸಬೇಕು: ಇವನ್ನೆಲ್ಲ ಬರೆದಿಡುವುದೇ ಸರ್ವರ್ ಹೊಂದಿಸುವ ಕೆಲಸ. ನಾವು ಎಡವಿದ್ದು ಕೊನೆಯ ವಿಷಯದಲ್ಲಿ.

ಆರಿಸಬೇಡಿ ಎಂದು ಚೀಟಿ ಅಂಟಿಸಿದ ಯಂತ್ರ

ಸ್ವಿಟ್ಜರ್ಲೆಂಡಿನ ಜಿನೀವಾ ಬಳಿ ಸರ್ನ್ ಎಂಬ ಭೌತವಿಜ್ಞಾನ ಸಂಶೋಧನಾ ಸಂಸ್ಥೆ ಇದೆ. ಹಲವು ದೇಶಗಳ ವಿಜ್ಞಾನಿಗಳು ಅಲ್ಲಿ ಬಂದು ಹೋಗುತ್ತಾರೆ. ಅವರವರ ಕಂಪ್ಯೂಟರು ಬೇರೆ, ದಾಖಲೆ ಇಡುವ ಪದ್ಧತಿ ಬೇರೆ. ಒಬ್ಬರ ಕಡತ ಇನ್ನೊಬ್ಬರಿಗೆ ಸುಲಭವಾಗಿ ಸಿಗುತ್ತಿರಲಿಲ್ಲ. ಇದಕ್ಕೆ ಪರಿಹಾರವಾಗಿ 1989ರ ಮಾರ್ಚ್‌ನಲ್ಲಿ ಟಿಮ್ ಬರ್ನರ್ಸ್-ಲೀ ಒಂದು ಯೋಜನೆ ಬರೆದು ಮೇಲಧಿಕಾರಿಗೆ ಕೊಟ್ಟರು. 1990ರ ಕೊನೆಯ ಹೊತ್ತಿಗೆ ಮೊದಲ ವೆಬ್ ಸರ್ವರ್ ಮತ್ತು ಮೊದಲ ಬ್ರೌಸರ್ ಎರಡೂ ಅವರ ಮೇಜಿನ ಮೇಲಿದ್ದ ನೆಕ್ಸ್ಟ್ ಕಂಪನಿಯ ಕಪ್ಪು ಕಂಪ್ಯೂಟರಿನಲ್ಲಿ ಓಡುತ್ತಿದ್ದವು.

ಆ ಯಂತ್ರ ಆರಿದರೆ ಜಗತ್ತಿನ ವೆಬ್ ಅಷ್ಟೂ ಆರಿದಂತೆ. ಹಾಗಾಗಿ ಅದರ ಮೇಲೊಂದು ಚೀಟಿ ಅಂಟಿಸಿದ್ದರು. ಇದು ಸರ್ವರ್, ಇದನ್ನು ಆರಿಸಬೇಡಿ ಎಂದು ಕೆಂಪು ಶಾಯಿಯಲ್ಲಿ ಬರೆದಿತ್ತು.

ಆಗಿನ ಮಾತುಕತೆ ಬಹಳ ಸರಳ. ಬ್ರೌಸರ್ "ಗೆಟ್" ಎಂದು ಫೈಲಿನ ವಿಳಾಸ ಹೇಳುವ ಒಂದೇ ಸಾಲು ಕಳಿಸುತ್ತಿತ್ತು. ಸರ್ವರ್ ಪುಟ ಕಳಿಸಿ ಸಂಪರ್ಕ ಮುಚ್ಚುತ್ತಿತ್ತು. ಬಂದದ್ದು ಏನು, ಯಾವ ಲಿಪಿ ಎಂದು ಹೇಳುವ ಪದ್ಧತಿಯೇ ಇರಲಿಲ್ಲ.

ಶುಲ್ಕ ಕೇಳಿದವರು, ಬಿಟ್ಟುಕೊಟ್ಟವರು

ಆ ಕಾಲದಲ್ಲಿ ವೆಬ್‌ಗೆ ಒಬ್ಬ ಬಲವಾದ ಪ್ರತಿಸ್ಪರ್ಧಿ ಇತ್ತು. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದವರು ಮಾಡಿದ ಗೋಫರ್ ಎಂಬ ವ್ಯವಸ್ಥೆ. ಬಳಸಲು ಸುಲಭ, ಹರಡಿದ್ದೂ ಹೆಚ್ಚು. 1993ರ ಆರಂಭದಲ್ಲಿ ಆ ವಿಶ್ವವಿದ್ಯಾಲಯ, ಗೋಫರ್ ಸರ್ವರ್ ಬಳಸುವ ಕೆಲವರಿಂದ ಶುಲ್ಕ ಪಡೆಯುವುದಾಗಿ ಹೇಳಿತು. ಇಂದು ಕೆಲವರಿಗೆ, ನಾಳೆ ಯಾರಿಗೆ ಎಂದು ಜನ ಹಿಂಜರಿದರು.

ಅದೇ ವರ್ಷ ಏಪ್ರಿಲ್ 30ರಂದು ಸರ್ನ್ ಒಂದು ಕಾಗದಕ್ಕೆ ಸಹಿ ಹಾಕಿತು. ವೆಬ್‌ನ ಮೂಲ ತಂತ್ರಾಂಶದ ಮೇಲೆ ನಮಗೆ ಹಕ್ಕು ಬೇಡ, ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು ಎಂಬುದು ಅದರ ತಿರುಳು. ಗೋಫರ್ ಮಂಕಾಗಲು ಇದೊಂದೇ ಕಾರಣವಲ್ಲ. ಚಿತ್ರ ಮತ್ತು ಬರಹ ಒಟ್ಟಿಗೆ ತೋರಿಸುವ ಮೊಸಾಯಿಕ್ ಬ್ರೌಸರ್ ಕೂಡ ಅದೇ ವರ್ಷ ಬಂತು. ಆದರೂ ಆ ಸಹಿ ಬೀಳದಿದ್ದರೆ, ಹಳ್ಳಿಯ ಸುದ್ದಿ ಬರೆಯುವ ನಮ್ಮಂಥ ನಾಲ್ಕು ಜನ ಯಾರ ಅಪ್ಪಣೆಯೂ ಇಲ್ಲದೆ ಸರ್ವರ್ ನಡೆಸುವುದು ಇಷ್ಟು ಸುಲಭವಾಗುತ್ತಿರಲಿಲ್ಲ.

ಮುಯ್ಯಾಳಿನಿಂದ ಎದ್ದ ಅಪಾಚೆ

ಮೊಸಾಯಿಕ್ ಹುಟ್ಟಿದ್ದು ಇಲಿನಾಯ್ ವಿಶ್ವವಿದ್ಯಾಲಯದ ಎನ್‌ಸಿಎಸ್‌ಎ ಕೇಂದ್ರದಲ್ಲಿ. ಅಲ್ಲಿಯೇ ರಾಬ್ ಮಕೂಲ್ ಎಂಬ ಯುವಕ ಒಂದು ವೆಬ್ ಸರ್ವರ್ ತಂತ್ರಾಂಶ ಬರೆದರು. ಹೊಂದಿಸುವ ಸಾಲುಗಳನ್ನು ಸಾದಾ ಬರಹದ ಫೈಲುಗಳಲ್ಲಿ ಇಡಲಾಗಿತ್ತು. ಯಾರು ಬೇಕಾದರೂ ತೆರೆದು ಓದಬಹುದು, ತಿದ್ದಬಹುದು. ಫೈಲುಗಳಿರುವ ಫೋಲ್ಡರನ್ನು 'ಡಾಕ್ಯುಮೆಂಟ್ ರೂಟ್' ಎಂದು ಕರೆದದ್ದು, ಹೆಸರು ಹೇಳದೆ ಬಂದವರಿಗೆ 'ಇಂಡೆಕ್ಸ್' ಎಂಬ ಪುಟ ತೋರಿಸುವುದು, ಒಂದು ಫೋಲ್ಡರಿಗೆ ಮಾತ್ರ ಬೇರೆ ನಿಯಮ ಹಾಕುವುದು, ಇವೆಲ್ಲ ಆ ಸರ್ವರಿನಲ್ಲಿದ್ದವು. ಇಂದಿಗೂ ಇವೇ ಹೆಸರು ನಡೆಯುತ್ತಿವೆ.

1994ರ ನಡುವೆ ಮಕೂಲ್ ಆ ಕೇಂದ್ರ ಬಿಟ್ಟರು. ತಂತ್ರಾಂಶಕ್ಕೆ ದಿಕ್ಕಿಲ್ಲದಂತಾಯಿತು. ಆದರೆ ಅದನ್ನು ಬಳಸುತ್ತಿದ್ದವರು ಸುಮ್ಮನೆ ಕೂರಲಿಲ್ಲ. ತಮಗೆ ಕಂಡ ದೋಷಗಳನ್ನು ತಾವೇ ತಿದ್ದಿ, ಆ ತೇಪೆಗಳನ್ನು ಇಮೇಲ್‌ನಲ್ಲಿ ಒಬ್ಬರಿಗೊಬ್ಬರು ಕಳಿಸುತ್ತಿದ್ದರು. 1995ರ ಫೆಬ್ರವರಿಯಲ್ಲಿ ಬ್ರಯನ್ ಬೆಹ್ಲೆಂಡಾರ್ಫ್ ಮುಂತಾದ ಎಂಟು ಜನ ಸೇರಿ ಈ ತೇಪೆಗಳನ್ನೆಲ್ಲ ಒಂದುಗೂಡಿಸುವ ಕೆಲಸಕ್ಕೆ ಇಳಿದರು. ಏಪ್ರಿಲ್‌ನಲ್ಲಿ ಅದು ಅಪಾಚೆ ಎಂಬ ಹೆಸರಿನಲ್ಲಿ ಹೊರಬಂತು. ಡಿಸೆಂಬರ್ 1ರಂದು 1.0 ಆವೃತ್ತಿ. 1996ರಲ್ಲಿ ಜಗತ್ತಿನ ಅತಿ ಹೆಚ್ಚು ತಾಣಗಳು ಅದರ ಮೇಲೆಯೇ ನಡೆಯುತ್ತಿದ್ದವು.

ನಮ್ಮ ಕಡೆ ನಾಟಿಗೆ, ಒಕ್ಕಣೆಗೆ ಮುಯ್ಯಾಳು ಹೋಗುವುದಿಲ್ಲವೇ? ಇಂದು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಅಪಾಚೆ ಕಟ್ಟಿದ್ದೂ ಅದೇ ಲೆಕ್ಕದಲ್ಲಿ. ನಮ್ಮ ದೇಶದ ಜನಸಾಮಾನ್ಯರಿಗೆ ವಿಎಸ್‌ಎನ್‌ಎಲ್ ಇಂಟರ್‌ನೆಟ್ ಕೊಡಲು ಶುರು ಮಾಡಿದ್ದು ಅದೇ 1995ರ ಆಗಸ್ಟ್ 15ರಂದು. ಅಂದರೆ ನಾವು ಬಾಗಿಲು ತೆರೆಯುವ ಹೊತ್ತಿಗೆ ಪುಕ್ಕಟೆ ಸರ್ವರ್ ತಯಾರಾಗಿ ನಿಂತಿತ್ತು.

ಕನ್ನಡದ ಫಜೀತಿ

ಸರ್ವರ್ ಇತ್ತು ನಿಜ. ಆದರೆ ಕನ್ನಡ ಹೋಗುವುದು ಹೇಗೆ? ಕಂಪ್ಯೂಟರಿಗೆ ಗೊತ್ತಿರುವುದು ಸಂಖ್ಯೆ ಮಾತ್ರ. ಮೊದಲ ದಿನಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸಂಖ್ಯೆಗೇ ಕನ್ನಡದ ಆಕಾರ ತೊಡಿಸಿದ ಫಾಂಟ್‌ಗಳನ್ನು ಬಳಸುತ್ತಿದ್ದರು. ಓದುವವರ ಕಂಪ್ಯೂಟರಿನಲ್ಲಿ ಅದೇ ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ. ಹುಡುಕಿದರೆ ಕನ್ನಡ ಪದ ಸಿಗುತ್ತಿರಲಿಲ್ಲ.

ಪರಿಹಾರ ಯೂನಿಕೋಡ್. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ತನ್ನದೇ ಸಂಖ್ಯೆಗಳಿದ್ದವು. 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್ ಬೇಕು. ಅಷ್ಟರಲ್ಲಿ ವೆಬ್‌ನ ಮಾತುಕತೆಯೂ ಬೆಳೆದಿತ್ತು. ಫೈಲಿನ ಮುಂದೆ ಒಂದು ಚೀಟಿ ಹೋಗತೊಡಗಿತು: ಇದು ಬರಹ, ಇದು ಚಿತ್ರ, ಬರಹವಾದರೆ ಇಂಥ ಅಕ್ಷರಪದ್ಧತಿ. ಈ ಚೀಟಿಯ ಕ್ರಮ ಬಂದದ್ದು ಇಮೇಲ್‌ಗೆಂದು 1992ರಲ್ಲಿ ಮಾಡಿದ ಮೈಮ್ ನಿಯಮದಿಂದ.

ಈಗ ನಮ್ಮ ಸಾಲಿಗೆ ಬರೋಣ. 2000ದ ಫೆಬ್ರವರಿಯಲ್ಲಿ ಒಂದು ಸುರಕ್ಷತಾ ಎಚ್ಚರಿಕೆ ಹೊರಟಿತು. ಅಕ್ಷರಪದ್ಧತಿ ಯಾವುದೆಂದು ಸರ್ವರ್ ಹೇಳದಿದ್ದರೆ ಬ್ರೌಸರ್ ಊಹಿಸುತ್ತದೆ, ಆ ಊಹೆಯ ಸಂದಿಯಲ್ಲಿ ಕಳ್ಳರು ಕೆಟ್ಟ ಕೋಡ್ ನುಸುಳಿಸಬಹುದು ಎಂಬ ಭಯ. ಅದಕ್ಕಾಗಿ ಅಪಾಚೆಯಲ್ಲಿ 'ಆ್ಯಡ್ ಡಿಫಾಲ್ಟ್ ಕ್ಯಾರ್‌ಸೆಟ್' ಎಂಬ ಆದೇಶ ಸೇರಿಸಿದರು. ಏನೂ ಹೇಳದ ಬರಹಕ್ಕೆ ಸರ್ವರ್ ತಾನೇ ಒಂದು ಪದ್ಧತಿ ಹೇಳುತ್ತದೆ. ಮುಂದೆ ಅಪಾಚೆ 2.0ದ ಜೊತೆ ಬರುತ್ತಿದ್ದ ಸಿದ್ಧ ಫೈಲಿನಲ್ಲಿ ಆ ಸಾಲಿನ ಮುಂದೆ ಇದ್ದದ್ದು ಪಶ್ಚಿಮ ಯುರೋಪಿನ ಭಾಷೆಗಳ ಪದ್ಧತಿ.

ಉದ್ದೇಶ ಒಳ್ಳೆಯದೇ. ಆದರೆ ಪುಟದೊಳಗೆ ನಾವು "ಇದು ಯುಟಿಎಫ್-8" ಎಂದು ಬರೆದಿದ್ದರೂ ಬ್ರೌಸರ್ ಮೊದಲು ನಂಬುವುದು ಸರ್ವರಿನ ಚೀಟಿಯನ್ನು. ಮೂರು ಬೈಟಿನ ನಮ್ಮ 'ಕ' ಮೂರು ಬೇರೆ ಬೇರೆ ಯುರೋಪಿಯನ್ ಗುರುತುಗಳಾಗಿ ಒಡೆಯುತ್ತದೆ. ಮೊದಲನೆಯದು ಪ್ರತಿ ಸಲವೂ ತಲೆಯ ಮೇಲೆ ಗೀಟಿರುವ 'ಎ', ಎರಡನೆಯದು ಪುಟ್ಟ ಎರಡು ಅಥವಾ ಮೂರು. ಕಾಕಾ ಕಂಡ ಗೀಟು, ಚುಕ್ಕಿ ಇವೇ. ಮುಂದೆ ಆ ಸಾಲನ್ನು ಸಿದ್ಧ ಫೈಲಿನಿಂದ ಕೈಬಿಟ್ಟರು. ಹಳೆಯ ಟಿಪ್ಪಣಿಗಳಲ್ಲಿ ಮಾತ್ರ ಉಳಿದುಕೊಂಡು ನಮ್ಮವರೆಗೂ ಬಂತು.

ಆಮೇಲಿನ ಮಾತು

ಅಪಾಚೆ ಒಂದೇ ಕಾಲುಶತಮಾನ ಆಳಲಿಲ್ಲ. ಖಾನಾವಳಿಯಲ್ಲಿ ಪ್ರತಿ ಗಿರಾಕಿಯ ಹಿಂದೆ ಒಬ್ಬ ಆಳು ನಿಂತಂತೆ ಅದರ ಹಳೆಯ ಪದ್ಧತಿ. ಜನ ಹೆಚ್ಚಾದರೆ ಆಳೂ ಹೆಚ್ಚಬೇಕು. ರಷ್ಯಾದ ಇಗೋರ್ ಸಿಸೊಯೆವ್ 2004ರಲ್ಲಿ ಹೊರತಂದ ಎಂಜಿನ್ ಎಕ್ಸ್ ಸರ್ವರಿನಲ್ಲಿ ಒಬ್ಬನೇ ಆಳು ಸಾವಿರಾರು ಗಿರಾಕಿಗಳ ನಡುವೆ ಸುತ್ತುತ್ತಾ ಯಾರಿಗೆ ಏನು ಬೇಕೋ ಬಡಿಸುತ್ತಾನೆ. ಕಡಿಮೆ ಬಾಡಿಗೆಯ ಸಣ್ಣ ಯಂತ್ರ ನಮಗೆ ಸಾಕಾಗುವುದರಲ್ಲಿ ಇಂಥ ಪದ್ಧತಿಯ ಪಾಲೂ ಇದೆ. ವಿಳಾಸದ ಪಕ್ಕ ಬೀಗದ ಗುರುತು ಬರಲು ಬೇಕಾದ ಪ್ರಮಾಣಪತ್ರವನ್ನೂ 2015ರ ಕೊನೆಯಿಂದ ಲೆಟ್ಸ್ ಎನ್‌ಕ್ರಿಪ್ಟ್ ಎಲ್ಲರಿಗೂ ಪುಕ್ಕಟೆ ಕೊಡುತ್ತಿದೆ.

ನಿಮ್ಮೂರಿನ ಯುವಕರೂ ಹೀಗೊಂದು ಸರ್ವರ್ ಹೊಂದಿಸುವುದಾದರೆ ನಮ್ಮ ಅನುಭವದ ಮಾತು ಇಷ್ಟು. ಅರ್ಥವಾಗದ ಸಾಲನ್ನು ನಕಲು ಮಾಡಬೇಡಿ. ಅಕ್ಷರಪದ್ಧತಿ ಯುಟಿಎಫ್-8 ಎಂದೇ ಇರಲಿ. ಹೊರಗಿನವರಿಗೆ ಕಾಣಬಾರದ ಫೈಲನ್ನು ಹಂಚುವ ಫೋಲ್ಡರಿನಲ್ಲಿ ಇಡಲೇಬೇಡಿ. ಕೊಂಡಿ ಕಳಿಸುವ ಮೊದಲು ಬೇರೆಯವರ ಫೋನಿನಲ್ಲಿ ಒಮ್ಮೆ ತೆರೆದು ನೋಡಿ.

ಅಂದು ರಾತ್ರಿ ಹನ್ನೊಂದಕ್ಕೆ ಪುಟ ಸರಿಹೋಯಿತು. ಬೆಳಗ್ಗೆ ಕಾಕಾ ಮತ್ತೆ ಫೋನ್ ಮಾಡಿದರು.

"ಈಗ ಓದಾಕ ಬಂತು ತಮ್ಮಾ. ನಮ್ಮ ಓಣ್ಯಾಗ ಎರಡು ಬೋರು ತಗಸೀವಿ ಅಂತ ಐತಲ್ಲ ಇದರಾಗ? ತಗಸಿದ್ದು ಒಂದ ಐತಿ. ಮುಂದಿನ ಸಭಾದಾಗ ಕೇಳ್ತೀನಿ."

ಕೇಳಿದರು ಕೂಡ.