ಲೆಕ್ಕದಲ್ಲಿ ಉಳಿದ ಸಿಪಾಯಿಗಳು

ಕಣಗಿನಹಾಳದಲ್ಲಿ 1905ರಲ್ಲಿ ಸಹಕಾರಿ ಸಂಘ ಹುಟ್ಟಿದ್ದು ನಿಮಗೆಲ್ಲ ಗೊತ್ತು. ಅದಾಗಿ ಒಂಬತ್ತು ವರ್ಷಕ್ಕೆ ಮೊದಲನೇ ಮಹಾಯುದ್ಧ ಹತ್ತಿತು. ಆಗ ನಮ್ಮ ರೋಣ ತಾಲೂಕು ಮುಂಬಯಿ ಇಲಾಖೆಯಲ್ಲಿತ್ತು. ಆ ಇಲಾಖೆಯ 103, 110, 117ನೇ ಮರಾಠಾ ಪಲ್ಟನ್‌ಗಳು ಈಗಿನ ಇರಾಕಿನ ಕುತ್ ಎಂಬಲ್ಲಿ ತುರ್ಕರ ಮುತ್ತಿಗೆಗೆ ಸಿಕ್ಕವು. 1915ರ ಡಿಸೆಂಬರ್ 7ರಿಂದ 1916ರ ಏಪ್ರಿಲ್ 29ರ ತನಕ! ಕಾಳು ತೀರಿತು. ಕುದುರೆ ಕೊಯ್ದು ಹಂಚಿದರೆ ನಮ್ಮವರು ಬಹಳ ಮಂದಿ ಧರ್ಮಕ್ಕಂಜಿ ಮುಟ್ಟಲಿಲ್ಲ. ಹುಲ್ಲು ಸೊಪ್ಪು ಕುದಿಸಿ ತಿಂದರು. ವಿಮಾನದಿಂದ ಹಿಟ್ಟು ಎಸೆದರೂ ಸಾಲಲಿಲ್ಲ. ಕಡೆಗೆ ಸುಮಾರು 13 ಸಾವಿರ ಜನ ಸೆರೆಯಾದರು. ಮರುಭೂಮಿಯಲ್ಲಿ ನಡೆಸಿಕೊಂಡು ಹೋಗುವಾಗ ಎಷ್ಟೋ ಮಂದಿ ದಾರಿಯಲ್ಲೇ ಸತ್ತರು. ಬರಗಾಲ ಕಂಡ ನಮಗೆ ಹಸಿವೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ನನಗೆ ಸಂಕಟವಾಗೂದು ಬೇರೆ. ಬಸ್ರಾದ ಸ್ಮಾರಕದಲ್ಲಿ ಗೋರಾ ಸಿಪಾಯಿಗಳ ಹೆಸರು ಕೊರೆದರು, ನಮ್ಮ ಸಾದಾ ಸಿಪಾಯಿಗಳದ್ದು ಪಲ್ಟನ್‌ವಾರು ಲೆಕ್ಕ ಮಾತ್ರ. ಹಲವು ಊರುಗಳಲ್ಲಿ ಹಾಕಿಸಿದ ಕಲ್ಲುಗಳಲ್ಲೂ ಇಷ್ಟು ಜನ ಹೋದರು, ಇಷ್ಟು ಸತ್ತರು, ಅಷ್ಟೇ. ಒಂದೇ ಶೇರು ಇದ್ದವರ ಹೆಸರನ್ನೂ ನಮ್ಮ ಸಂಘದ ಪುಸ್ತಕದಾಗ ಬರೀತೇವಿ!

ಜಕ್ಕಲಿಯ ಯಾರ ಮನಿ ಟ್ರಂಕಿನಾಗಾದರೂ ಆ ಯುದ್ಧದ ಪದಕ ಇದ್ದರ ಅಂಚು ತಿರುವಿ ನೋಡ್ರಿ. ಸಿಪಾಯಿಯ ನಂಬರು, ಹೆಸರು, ಪಲ್ಟನ್ ಅಲ್ಲಿ ಕೊರೆದಿರ್ತಾರ. ಸಂಘಕ್ಕ ತಂದು ತೋರಿಸ್ರಿ, ಬರಕೊಳ್ತೇವಿ.