ದೇವರ ಕೋಪ ಮತ್ತು ಎನ್‌ಫೀಲ್ಡಿನ ಪ್ರಸಂಗ

ಕ್ರೈಸ್ತ ಬೋಧನೆಯಲ್ಲಿ ದೇವರ ಕೋಪದ ಮಾತು ಬಂದಾಗ ಜೊನಾಥನ್ ಎಡ್ವರ್ಡ್ಸ್ ಎಂಬ ಪಾದ್ರಿಯ ಹೆಸರು ಬಂದೇ ಬರುತ್ತದೆ. ಅಮೆರಿಕವು ಇನ್ನೂ ಬ್ರಿಟಿಷರ ವಸಾಹತಾಗಿದ್ದ ಕಾಲ. 1741ರ ಜುಲೈ 8ರಂದು ಎನ್‌ಫೀಲ್ಡ್ ಎಂಬ ಊರಿನಲ್ಲಿ ಅವರು ಮಾಡಿದ ಪ್ರಸಂಗದ ತಲೆಬರಹವೇ 'ಕೋಪಗೊಂಡ ದೇವರ ಕೈಯಲ್ಲಿ ಪಾಪಿಗಳು'. ಆಧಾರ ಧರ್ಮೋಪದೇಶಕಾಂಡ 32:35. ಬೆಂಕಿಯ ಮೇಲೆ ಹಿಡಿದ ಜೇಡದಂತೆ ಪಾಪಿ ನರಕದ ಮೇಲೆ ತೂಗುತ್ತಿದ್ದಾನೆ, ಹಿಡಿದ ಕೈ ಬಿಟ್ಟರೆ ಮುಗಿಯಿತು ಎಂದು ಅವರು ವಿವರಿಸಿದರು.

ಇದನ್ನು ಓದಿದರೆ ಅವರು ಕೂಗಾಡುವ ಬೋಧಕರೆಂದು ನಮಗೆ ತೋರುತ್ತದೆ. ಹಾಗಲ್ಲ, ಅವರದು ಕೈ ಬೀಸದ, ತಗ್ಗಿದ ದನಿಯ ಮಾತು. ಆದರೂ ಜನರ ಅಳು, ನರಳಾಟ ಹೆಚ್ಚಿ ನಡುವೆಯೇ ನಿಲ್ಲಿಸಬೇಕಾಯಿತೆಂದು ಅಲ್ಲಿದ್ದ ಪಾದ್ರಿ ಸ್ಟೀಫನ್ ವಿಲಿಯಮ್ಸ್ ದಿನಚರಿಯಲ್ಲಿ ಬರೆದಿಟ್ಟಿದ್ದಾರೆ.

ಎಡ್ವರ್ಡ್ಸರ ಪ್ರಕಾರ ರಕ್ಷಣೆ ಬರುವುದು ಭಯದಿಂದಲ್ಲ, ದೇವರ ಕೃಪೆಯಿಂದ ಮಾತ್ರ. ಭಯದ ಕೆಲಸ ಮಲಗಿದವನನ್ನು ಎಬ್ಬಿಸುವುದಷ್ಟೇ. ಪ್ರಸಂಗದ ಕೊನೆಯಲ್ಲಿ ಕ್ರಿಸ್ತನು ಕರುಣೆಯ ಬಾಗಿಲು ತೆರೆದು ಕರೆಯುತ್ತಿದ್ದಾನೆ ಎಂಬ ಮಾತೂ ಇದೆ. ಆದರೆ ಜನರ ನೆನಪಿನಲ್ಲಿ ಉಳಿದದ್ದು ಬೆಂಕಿ, ಜೇಡ! ನಮ್ಮ ಅಭಿಪ್ರಾಯದಲ್ಲಿ ಇದು ಕೇಳುಗರ ತಪ್ಪು ಮಾತ್ರವಲ್ಲ, ಬೆಂಕಿಗೆ ಅಷ್ಟು ಪುಟ ಕೊಟ್ಟವರು ಬೋಧಕರೇ.

ಎದ್ದವರೆಲ್ಲ ಆ ಬಾಗಿಲಿನವರೆಗೆ ನಡೆದರೇ? ಎನ್‌ಫೀಲ್ಡಿಗೆ ಆರು ವರ್ಷ ಮೊದಲು, 1735ರಲ್ಲಿ, ಎಡ್ವರ್ಡ್ಸರ ಸಭೆಯಿದ್ದ ನಾರ್ಥಾಂಪ್ಟನ್ನಿನಲ್ಲಿ ಭಕ್ತಿಯ ಅಲೆ ಎದ್ದಿತ್ತು. ಆಗಲೇ ಅವರ ಚಿಕ್ಕಮ್ಮನ ಗಂಡ ಜೋಸೆಫ್ ಹಾಲಿ, ತನ್ನ ಆತ್ಮದ ಗತಿಯ ಚಿಂತೆಯಲ್ಲಿ ನಿದ್ದೆಗೆಟ್ಟು, ಜೂನ್ 1ರಂದು ಪ್ರಾಣ ಕಳೆದುಕೊಂಡ. ಆ ಮನೆತನದಲ್ಲಿ ಮೊದಲೇ ಖಿನ್ನತೆ ಇತ್ತು, ಎಲ್ಲವನ್ನೂ ಪ್ರಸಂಗದ ಮೇಲೆ ಹೊರಿಸುವುದು ನ್ಯಾಯವಲ್ಲ. ಎಡ್ವರ್ಡ್ಸ್ ಈ ಸಾವನ್ನು ಮುಚ್ಚಿಡದೆ ತಮ್ಮ ಪುಸ್ತಕದಲ್ಲಿ ಬರೆದರು, ಆದರೆ ಸೈತಾನನ ಕೆಲಸವೆಂದು ಕಂಡರು. ಆರು ವರ್ಷದ ನಂತರವೂ ಅದೇ ಬೆಂಕಿಯ ಮಾತನ್ನೇ ಆಡಿದರು.

ನಾರ್ಥಾಂಪ್ಟನ್ ಸಭೆ 1750ರಲ್ಲಿ ಅವರನ್ನು ಹೊರಹಾಕಿತು. ಕಾರಣ ನರಕದ ಬೋಧನೆಯಲ್ಲ, ಪ್ರಭುಭೋಜನಕ್ಕೆ ಯಾರನ್ನು ಸೇರಿಸಬೇಕೆಂಬ ಜಗಳ. ವಿರೋಧಿಗಳ ಮುಂದಾಳುಗಳಲ್ಲಿ ಒಬ್ಬ ಆ ಸತ್ತ ಹಾಲಿಯ ಮಗ, ತಂದೆಯ ಹೆಸರನ್ನೇ ಹೊತ್ತ ವಕೀಲ. ತಂದೆ ಹೋದಾಗ ಅವನಿಗೆ ಹನ್ನೊಂದು ವರ್ಷ. ತಾನು ಮಾಡಿದ್ದು ತಪ್ಪೆಂದು ಅವನು 1760ರಲ್ಲಿ ಬಹಿರಂಗವಾಗಿ ಒಪ್ಪಿಕೊಂಡ. ಎಡ್ವರ್ಡ್ಸ್ ತೀರಿಕೊಂಡು ಆಗ ಎರಡು ವರ್ಷವಾಗಿತ್ತು.