ಶಿವಮೊಗ್ಗ, ಭದ್ರಾವತಿಯ ಕ್ರೈಸ್ತ ಗಾಯನ

ಯೇಸುವಿನ ಕಡೆಯ ಭೋಜನವನ್ನು ಸ್ಮರಿಸುವ ಬಲಿಪೂಜೆಯು ಬಹುತೇಕ ಕಥೋಲಿಕ ದೇವಾಲಯಗಳಲ್ಲಿ ಶತಮಾನಗಳ ಕಾಲ ಲ್ಯಾಟಿನ್ ಭಾಷೆಯಲ್ಲೇ ನಡೆದು, ಎರಡನೆಯ ವ್ಯಾಟಿಕನ್ ಮಹಾಸಭೆ (1962–65) ದೇಶಭಾಷೆಗಳಿಗೆ ಅವಕಾಶವಿತ್ತ ಬಳಿಕವೇ ಭಕ್ತರು ಅದನ್ನು ತಮ್ಮ ನುಡಿಯಲ್ಲಿ ಹಾಡುವಂತಾಯಿತು. ಪ್ರಾಟೆಸ್ಟಂಟರಿಗೆ ಈ ಬಿಡುಗಡೆ ಮೊದಲೇ ದೊರೆತಿತ್ತು. ಬಾಸೆಲ್ ಮಿಶನ್ ಎಂಬ ಪ್ರಾಟೆಸ್ಟಂಟ್ ಸಂಸ್ಥೆಯ ಫರ್ಡಿನಾಂಡ್ ಕಿಟ್ಟೆಲ್ 1862ರಲ್ಲಿಯೇ ‘ಕಥಾಮಾಲೆ’ಯ ಮೂಲಕ ಯೇಸುವಿನ ಜೀವನವನ್ನು ಕನ್ನಡ ಪದ್ಯಕ್ಕೆ ತಂದಿದ್ದರು. ಇನ್ನು ಶಿವಮೊಗ್ಗ, ಭದ್ರಾವತಿಗಳಿಗೆ ಬಂದರೆ, 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಯಿಂದಾಗಿ ಹಲವು ನುಡಿಗಳ ಕಾರ್ಮಿಕರು ನೆಲೆಸಿದ ಭದ್ರಾವತಿಯೂ, ಪವಿತ್ರ ಹೃದಯ ಪ್ರಧಾನಾಲಯವಿರುವ ಶಿವಮೊಗ್ಗ ನಗರವೂ 1988ರಲ್ಲಿ ಸ್ಥಾಪಿತವಾದ ಶಿವಮೊಗ್ಗ ಕಥೋಲಿಕ ಧರ್ಮಪ್ರಾಂತ್ಯಕ್ಕೆ, ಅಂದರೆ ಬಿಷಪರೊಬ್ಬರ ಆಡಳಿತ ವಲಯಕ್ಕೆ, ಸೇರಿವೆ. ಇಲ್ಲಿನ ಬಲಿಪೂಜೆಯಲ್ಲೂ ಗಾಯಕರು ಚರಣ ಹಾಡಿದಂತೆ ಸಭೆಯು ಪಲ್ಲವಿಯಿಂದ ಉತ್ತರಿಸುವ ಕೀರ್ತನೆಗಳನ್ನು ಸಾಮಾನ್ಯವಾಗಿ ಬೈಬಲ್ಲಿನ 150 ಪ್ರಾರ್ಥನಾಗೀತೆಗಳಿಂದ ಆಯ್ದುಕೊಳ್ಳಲಾಗುತ್ತದೆ. ದೇವರನ್ನು ನೇರವಾಗಿ ಪ್ರಶ್ನಿಸುವಷ್ಟು ಸಲುಗೆಯುಳ್ಳ ಅವುಗಳಲ್ಲಿ ಹಲವು ಅಳಲಿನಿಂದ ತೊಡಗಿ ಭರವಸೆಯಲ್ಲಿ ಮುಗಿಯುತ್ತವೆ.